ಗೇಟಿನ ಬೀಗದ ಕೈ

ಮರ ಸಾಗಿಸುವ ಪರವಾನಗಿಗೆಂದು ಅರಣ್ಯ ಕಚೇರಿಗೆ ಬಂದಿದ್ದ ಬಡಗಿ ಕಂಡವರ ಮಾತಿಗೆ ಕಿವಿಗೊಡುವ ಆಸಾಮಿಯಲ್ಲ. ಆದರೆ ಬೆಂಚು ಚಿಕ್ಕದು, ಪಕ್ಕದಲ್ಲಿ ಗಂಡಹೆಂಡಿರು. ಗಂಡ ಇಪ್ಪತ್ತಾರು ವರ್ಷ ಕಾಡಿನ ಗೇಟು ಕಾದು ನಿವೃತ್ತನಾದವನು. ಹೆಂಡತಿಯ ಕೈಯಲ್ಲಿ ಊರುಗೋಲು.

“ಕಾಡೊಳಗೆ ಕಾರು ಬಿಡ್ಬೇಕಂದ್ರೆ, ನಡೆಯೋಕಾಗಲ್ಲ ಅಂತ ಡಾಕ್ಟರು ಬರ್ಕೊಡಬೇಕಂತೆ,” ಗಂಡ ಕೈಯಲ್ಲಿದ್ದ ಅರ್ಜಿ ನೋಡುತ್ತ ಹೇಳಿದ.

“ನಮ್ಮ ಡಾಕ್ಟರು ದಿನಾ ನಡೀರಿ ಅಂತ ಬರೆದಿದಾರೆ.”

“ಅದೇ ತೊಂದ್ರೆ ಆಗಿರೋದು.”

“ಮಂಡಿ ಗಟ್ಟಿ ಇದ್ದಾಗ್ಲೇ ಆ ದೊಡ್ಡ ಮರ ತೋರಿಸಿದ್ರೆ ಈ ಪಾಡು ಇರ್ತಿರ್ಲಿಲ್ಲ. ಬರೀ ವರ್ಣನೇಲೇ ಕಾಲ ಕಳೆದ್ರಿ.”

“ಊರೋರನ್ನೆಲ್ಲ ವಾಪಸ್ ಕಳಿಸಿ, ಹೆಂಡ್ತಿನ ಮಾತ್ರ ಒಳಗೆ ಬಿಡೋಕಾಗ್ತದಾ?”

“ಅಷ್ಟು ನಿಯತ್ತಿದ್ರೆ, ಷೇವಿಂಗ್ ಡಬ್ಬೀಲಿರೋ ಬೀಗದ ಕೈ ಯಾಕೆ ವಾಪಸ್ ಕೊಡ್ಲಿಲ್ಲ?”

ಗಂಡ ಸುತ್ತ ನೋಡಿದ. ಬಡಗಿ ಗೋಡೆಯ ಕ್ಯಾಲೆಂಡರ್ ಓದತೊಡಗಿದ.

“ಮೆತ್ತಗೆ ಮಾತಾಡು. ಆ ಬೀಗ ಯಾವತ್ತೋ ಬದಲಾಯಿಸಿರ್ತಾರೆ.”

“ಇಲ್ಲ. ನಿನ್ನೆ ನನ್ನ ತಮ್ಮನ ಜೊತೆ ಹೋಗಿ ನೋಡ್ಕೊಂಡು ಬಂದೆ. ತೆಗೀತು.”

“ಒಳಗೆ ಹೋದ್ಯಾ?”

“ಮತ್ತೆ ಬೀಗ ಹಾಕಿ ಬಂದೆ. ನೀವಿಲ್ದೆ ಯಾವ ಮರ ಅಂತ ಹುಡುಕ್ಲಿ?”

ಗುಮಾಸ್ತ ಅವರ ನಂಬರು ಕೂಗಿದ. ಮತ್ತೊಮ್ಮೆ ಕೂಗಿದ.

“ನಮ್ಮನ್ನೇ ಕರೀತಿರೋದು.”

“ಕೇಳಿಸ್ತು.” ಗಂಡ ಅರ್ಜಿಯನ್ನು ನಾಲ್ಕಾಗಿ ಮಡಚಿ ಜೇಬಿಗಿಟ್ಟು, ಅವಳ ತೋಳು ಹಿಡಿದು ಎಬ್ಬಿಸಿ ಬಾಗಿಲ ಕಡೆ ನಡೆದ. “ನಿನ್ನ ತಮ್ಮ ಎಲ್ಲಿದಾನೆ?”

“ಹೊರಗೆ ಕಾರಲ್ಲಿ. ಇಂಜಿನ್ ಆಫ್ ಮಾಡ್ಬೇಡ ಅಂದಿದೀನಿ.”