ಅವರ ಬಾಕಿ ಕೆಲಸ

ಒಮಾನಿನ ಸೊಹಾರ್ ಪಟ್ಟಣದ ಕಾರ್ಗೊ ಆಫೀಸಿನ ಸಾಲಿನಲ್ಲಿ ನನ್ನ ಮುಂದೆ ಇಬ್ಬರು ನಿಂತಿದ್ದರು. ಹೆಂಗಸಿನ ಕೈಯಲ್ಲಿ ಬಿಸ್ಕತ್ತಿನ ಡಬ್ಬಿ, ಗಂಡಸಿನ ಕೈಯಲ್ಲಿ ಉದ್ದನೆಯ ರಟ್ಟಿನ ಕೊಳವೆ.

"ಲೋಲಾಕ್ಷಕ್ಕ, ಹಾಕಿ ಆಟಗಾರರ ಕಾರ್ಡಿನ ಹಾಳೆಗಳೆಲ್ಲಿ? ಸುತ್ತಿಡ್ಲಿಕ್ಕೆ ಇದು ತಂದಿದ್ದೇನೆ."

"ಅದು ಬೇಡ ಕೊಗ್ಗಣ್ಣ. ಎಲ್ಲ ಈ ಡಬ್ಬಿಯಲ್ಲೇ ಉಂಟು."

"ಡಬ್ಬಿಯಲ್ಲಾ? ಅಷ್ಟು ದೊಡ್ಡ ಹಾಳೆ?"

"ಒಂದೊಂದೇ ಕಾರ್ಡು ಕತ್ತರಿಸಿದೆ. ನಮ್ಮ ಇವರು ಹನ್ನೊಂದು ವರ್ಷ ಒಟ್ಟು ಮಾಡಿದ್ದು, ಪ್ರೆಸ್ಸಿನಿಂದ ಬಂದ ಹಾಗೇ ಇತ್ತು. ಕತ್ತರಿಸ್ಲಿಕ್ಕೆ ಪುರುಸೊತ್ತೇ ಸಿಗ್ಲಿಲ್ಲ ಪಾಪ. ಹೋದವರ ಬಾಕಿ ಕೆಲಸ ಅದೊಂದಾದ್ರೂ ಮುಗಿಸುವ ಅಂತ."

"ಅಕ್ಕ, ಕತ್ತರಿಸದೆ ಇಡುವುದೇ ಅವರ..."

"ಎಂತ?"

ಗಂಡಸು ಕೊಳವೆಯನ್ನು ಪಕ್ಕದ ಬೆಂಚಿನ ಮೇಲಿಟ್ಟು, ಡಬ್ಬಿ ತೆರೆದು ಒಂದು ಕಾರ್ಡನ್ನು ಅಂಚು ಹಿಡಿದು ಎತ್ತಿದರು.

"ಎಂತ ಇಲ್ಲ. ಚಂದ ಕತ್ತರಿಸಿದ್ದೀರಿ."

"ಗೆರೆ ತಪ್ಪಲಿಲ್ಲ ಅಲ್ವಾ? ಒಂದು ವಾರ ಹಿಡೀತು."

"ಒಂದೂ ತಪ್ಪಲಿಲ್ಲ."

"ಅವರಿಗೆ ಖುಷಿ ಆಗ್ತಿತ್ತು."

"ಆಗ್ತಿತ್ತು ಅಕ್ಕ."

ಕೌಂಟರಿನವನು ಕರೆದ. ಅವರು ಮುಂದೆ ಹೋಗುವಾಗ ಆಕೆ ಕೇಳಿದ್ದು ನನಗೆ ಕೇಳಿಸಿತು.

"ಸುತ್ತಲಿನ ಬಿಳಿ ಅಂಚನ್ನೆಲ್ಲ ಕಸಕ್ಕೆ ಹಾಕಿದೆ. ಅದು ಬೇಡದ್ದಲ್ವಾ?"

"ಬೇಡದ್ದೇ."

ಕೊಳವೆಯನ್ನು ಅವರು ಬೆಂಚಿನ ಮೇಲೆಯೇ ಬಿಟ್ಟಿದ್ದರು.