ಬಿಗಿಯಾಗೇ ಉಳಿದ ಕಮಾನು

ವಾದ್ಯ ರಿಪೇರಿ ಅಂಗಡಿಯಲ್ಲಿ ಗಿಟಾರ್ ಹಿಡಿದು ನಿಂತಿದ್ದೆ. ನನ್ನ ಮುಂದಿದ್ದ ಅಜ್ಜಿ ಪಿಟೀಲಿನ ಪೆಟ್ಟಿಗೆ ತೆರೆದರು. ರಿಪೇರಿಯವನು ಕಮಾನು ಎತ್ತಿ ನೋಡಿದ.

“ನುಡಿಸಿದ ಮೇಲೆ ಕಮಾನಿನ ಕೂದಲು ಸಡಿಲ ಮಾಡಿಡಬೇಕಲ್ವಾ ಅಜ್ಜಿ? ನೋಡಿ, ಬಿಗಿಯಾಗೇ ಇದ್ದು ಕೋಲೇ ಬಾಗಿದೆ.”

“ಗೊತ್ತಪ್ಪ. ಯಜಮಾನ್ರನ್ನ ಮಣ್ಣು ಮಾಡಿದ ದಿನ ಚರ್ಚಲ್ಲಿ ನುಡಿಸಿ, ಸಿಟ್ಟಲ್ಲಿ ಹಾಗೇ ಮುಚ್ಚಿಟ್ಟೆ.”

“ಯಾರ ಮೇಲೆ ಸಿಟ್ಟು?”

“ದೇವರ ಮೇಲೆ. ಏಳು ವರ್ಷ ಟೂ ಬಿಟ್ಟಿದ್ದೆ.”

“ಈಗ ರಾಜಿನಾ?”

“ನಿನ್ನೆ ಮೊಮ್ಮಗಳು ಇದನ್ನ ಹುಡುಕಿ ತೆಗೆದು, ‘ಅಜ್ಜಿ, ನಿಂಗೆ ಬರುತ್ತಾ?’ ಅಂದ್ಲು. ಈ ವಿದ್ಯೆ ಕೊಟ್ಟ ದೇವರ ನೆನಪಾಗಿ ನಾಚಿಕೆ ಆಯ್ತು.”

“ಭಾನುವಾರಕ್ಕೆ ಬೇಕಾ?”

“ಬೇಕು. ಅವನಿಗೆ ಹೇಗಪ್ಪ ಮುಖ ತೋರಿಸ್ಲಿ?”

“ಟೂ ಬಿಟ್ಟಿದ್ದು ನೀವು. ಅವನಲ್ಲವಲ್ಲ.”

ಅಜ್ಜಿ ನಕ್ಕು ಹೊರಟರು. ಬಾಗಿಲಲ್ಲಿ ತಿರುಗಿದರು.

“ಸಡಿಲ ಮಾಡೇ ಕೊಡು ಮಗಾ. ಬಿಗಿ ನಾನು ಚರ್ಚಲ್ಲೇ ಮಾಡ್ಕೋತೀನಿ.”