ಮೈದುನ ಕೊಟ್ಟ ಎರಡು ಮಾತ್ರೆ

ಹೇಳಿಕೆ ಕೊಟ್ಟವರು: ತಕ್ಕಡಿ ರಿಪೇರಿ ಅಂಗಡಿಯವರ ಹೆಂಡತಿ, ಬೀದಿಗೆಲ್ಲ ‘ಅತ್ತಿಗೆ’. ವಯಸ್ಸು: ಐವತ್ತನಾಲ್ಕು. ಕಸುಬು: ಅದೇ ಅಂಗಡಿಯ ಗಲ್ಲಾ ನೋಡಿಕೊಳ್ಳುವುದು. ವಾಸ: ಮಾರುಕಟ್ಟೆಯ ಹಿಂದಿನ ಬೀದಿ, ಅಂಗಡಿಯ ಮೇಲಿನ ಮಹಡಿ.

ನಾನು ಈ ಮೂಲಕ ತಿಳಿಸುವುದೇನೆಂದರೆ, ಇಂದು ಮಧ್ಯಾಹ್ನ ತಾನಾಗಿಯೇ ಠಾಣೆಗೆ ಬಂದು, ಅಣ್ಣನ ಜೀವ ತೆಗೆಯಲು ಹೋದವನು ನಾನು, ಒಳಗೆ ಹಾಕಿ ಎಂದು ಹಟ ಹಿಡಿದು ಇಲ್ಲಿನ ಬೆಂಚಿನ ಮೇಲೆ ಕುಳಿತಿರುವವನು ನನ್ನ ಮೈದುನ, ನಮ್ಮ ಅಂಗಡಿಯಲ್ಲೇ ತಕ್ಕಡಿ ರಿಪೇರಿ ಮಾಡುವವನು. ಅವನು ಕೊಲೆಗಾರನಲ್ಲ, ಪೆದ್ದ. ಹೀಗೆಯೇ ಬರೆದುಕೊಳ್ಳಬೇಕೆಂದು ಕೋರುತ್ತೇನೆ.

ನನ್ನ ಗಂಡನಿಗೆ ಬಹಳ ವರ್ಷದಿಂದ ಬಿ.ಪಿ. ಇದೆ. ದೊಡ್ಡ ತಕ್ಕಡಿಯೊಂದನ್ನು ಎತ್ತುವಾಗ ಬಲಭುಜದ ಸ್ನಾಯು ಹರಿಯಿತು. ಆಪರೇಷನ್‌ಗೆಂದು ಹೋದಾಗ ಎರಡು ಸಲವೂ ಬಿ.ಪಿ. ಹೆಚ್ಚಿದೆ ಎಂದು ವಾಪಸ್ ಕಳಿಸಿದ್ದರು. ಅಂಗಿ ಹಾಕಿಕೊಳ್ಳಲೂ ನನ್ನನ್ನೇ ಕರೆಯಬೇಕಾಗಿತ್ತು. ನಾನು ಗುಂಡಿ ಹಾಕುವಾಗ ಅವರು ನನ್ನ ಮುಖ ನೋಡುತ್ತಿರಲಿಲ್ಲ.

ಅರಿವಳಿಕೆ ಕೊಡುವ ಡಾಕ್ಟರಮ್ಮ ನಿನ್ನೆಯೇ ಎಲ್ಲವನ್ನೂ ಬಿಡಿಸಿ ಹೇಳಿದ್ದರು. ಇದು ರೋಗಿಯನ್ನು ಕೂರಿಸಿ ಮಾಡುವ ಆಪರೇಷನ್, ರಕ್ತ ತಲೆಗೆ ಏರಬೇಕು. ಆದ್ದರಿಂದ ಹಣೆಯ ಎರಡೂ ಬದಿಗೆ ಪಟ್ಟಿ ಅಂಟಿಸಿ, ಮೆದುಳಿಗೆ ಆಮ್ಲಜನಕ ಎಷ್ಟು ಸಿಗುತ್ತಿದೆ ಎಂದು ನೋಡುತ್ತಲೇ ಇರುತ್ತೇವೆ ಎಂದರು. ಹಾಗೆಯೇ ಮೆದುಳು ಇದೆಯೋ ಇಲ್ಲವೋ ಅದನ್ನೂ ನೋಡಿಬಿಡಿ, ಇವಳಿಗೆ ಬಹಳ ದಿನದ ಅನುಮಾನ ಎಂದು ನನ್ನ ಗಂಡ ಹೇಳಿದರು. ದಿನದ ಬಿ.ಪಿ. ಮಾತ್ರೆಗಳಲ್ಲಿ ಒಂದನ್ನು ತೋರಿಸಿ, ಇದನ್ನು ನಾಳೆ ನುಂಗಬೇಡಿ ಎಂದೂ ಡಾಕ್ಟರಮ್ಮ ಹೇಳಿ ಕಳಿಸಿದರು.

ಇಂದು ಬೆಳಗ್ಗೆ ಏಳಕ್ಕೆ ಆಸ್ಪತ್ರೆ ಸೇರಿದೆವು. ನಾನು ಕೌಂಟರಿಗೆ ಹೋದಾಗ ಮೈದುನ, ಈ ಸಲವೂ ವಾಪಸ್ ಕಳಿಸಬಾರದೆಂದು, ಡಾಕ್ಟರಮ್ಮ ಬೇಡವೆಂದಿದ್ದ ಆ ಮಾತ್ರೆಯನ್ನೂ, ತನ್ನ ಜೇಬಿನಲ್ಲಿದ್ದ ತನ್ನದೇ ಬಿ.ಪಿ. ಮಾತ್ರೆಯೊಂದನ್ನೂ, ನರ್ಸ್ ಕೊಟ್ಟಿದ್ದಾರೆಂದು ಸುಳ್ಳು ಹೇಳಿ ಒಂದು ಗುಟುಕು ನೀರಿನಲ್ಲಿ ಅಣ್ಣನಿಗೆ ನುಂಗಿಸಿದ. ಇದು ಆಗ ನನಗೆ ತಿಳಿಯಲಿಲ್ಲ. ಮುಳ್ಳು ಸರಿಯಾದ ಗೆರೆಗೆ ಬಂದು ನಿಂತರೆ ತಕ್ಕಡಿ ಸರಿಹೋಯಿತು ಎನ್ನುವುದು ಅವನ ಕಸುಬಿನ ಬುದ್ಧಿ. ಅಣ್ಣನನ್ನೂ ಹಾಗೆಯೇ ರಿಪೇರಿ ಮಾಡಿದ. ಒಂಬತ್ತಕ್ಕೆ ನರ್ಸ್ ನೋಡಿದಾಗ ಬಿ.ಪಿ. ನೂರಮೂವತ್ತಕ್ಕೆ ಇಳಿದಿತ್ತು, ಎಲ್ಲರಿಗೂ ಸಮಾಧಾನವಾಯಿತು, ಆಪರೇಷನ್‌ಗೆ ಒಳಗೆ ಕರೆದೊಯ್ದರು.

ಸುಮಾರು ಹತ್ತೂಮುಕ್ಕಾಲಿಗೆ ನರ್ಸ್ ಓಡಿಬಂದು, ಬೆಳಗ್ಗೆ ಯಾವುದಾದರೂ ಮಾತ್ರೆ ಕೊಟ್ಟಿರಾ ಎಂದು ಕೇಳಿದರು. ಇಲ್ಲ ಎಂದೆ. ಮೈದುನ ಮುಂದೆ ಬಂದ. ಏನನ್ನೂ ಮುಚ್ಚಿಡದೆ ಒಪ್ಪಿಕೊಂಡ, ಮಾತ್ರೆಯ ಹಾಳೆಯನ್ನೇ ಅವರ ಕೈಗಿಟ್ಟ. ನಾನು ಬಾಗಿಲ ಬಳಿ ಹೋಗಿ ನಿಂತೆ. ತಿರುಗಿ ನೋಡಿದಾಗ ಅವನಿರಲಿಲ್ಲ.

ಹನ್ನೆರಡೂವರೆಗೆ ಡಾಕ್ಟರಮ್ಮ ಹೊರಗೆ ಬಂದರು. ಬಿ.ಪಿ. ನೂರಕ್ಕೆ ಬಿದ್ದಿತ್ತು, ಬೇರೆಯವರಿಗಾದರೆ ನಡೆದೀತು, ಜೋರು ಒತ್ತಡಕ್ಕೆ ಒಗ್ಗಿಹೋದ ಇವರ ಮೆದುಳಿಗೆ ಅಷ್ಟು ಸಾಲದು ಎಂದರು. ಹಣೆಯ ಪಟ್ಟಿ ತೋರಿಸುವ ಅಂಕಿ ಎಪ್ಪತ್ತರಿಂದ ನಲವತ್ತೆಂಟಕ್ಕೆ ಇಳಿದಾಗ ಯಂತ್ರ ಕೂಗಿಕೊಂಡಿತಂತೆ. ಸರ್ಜನ್ ಕೈ ನಿಲ್ಲಿಸಿದರಂತೆ. ಇವರನ್ನು ಮಲಗಿಸಿ ಒತ್ತಡ ಏರಿಸುವ ಔಷಧಿ ಕೊಟ್ಟರಂತೆ. ಮಾತ್ರೆಯ ವಿಷಯ ತಿಳಿದದ್ದರಿಂದ ತಕ್ಕ ಔಷಧಿ ಬೇಗ ಕೊಡಲಾಯಿತು, ಅಂಕಿ ಮೇಲೆ ಬಂತು, ಭುಜವನ್ನೂ ಹೊಲಿದಾಯಿತು, ಆ ಹುಡುಗ ನಿಜ ಹೇಳಿ ಉಪಕಾರ ಮಾಡಿದ ಎಂದರು. ಅವನು ಸಿಕ್ಕಿದರೆ ಮೊದಲು ಕೆನ್ನೆಗೆರಡು ಬಾರಿಸಿ ಆಮೇಲೆ ಇದನ್ನು ತಿಳಿಸಬೇಕೆಂದುಕೊಂಡೆ.

ಮೂರು ಗಂಟೆಗೆ ನನ್ನ ಗಂಡನಿಗೆ ಎಚ್ಚರವಾಯಿತು. ಮೆದುಳಿಗೆ ಪೆಟ್ಟಾಗಿಲ್ಲವಷ್ಟೇ ಎಂದು ನೋಡಲು ಡಾಕ್ಟರಮ್ಮ ಒಂದೊಂದೇ ಕೇಳಿದರು. ಹೆಸರು ಹೇಳಿದರು, ವಾರ ಹೇಳಿದರು. ಮಕ್ಕಳೆಷ್ಟು ಎಂದಾಗ ಒಬ್ಬನೇ ಮಗ ಎಂದರು. ನಮಗೆ ಮಕ್ಕಳಾಗಲಿಲ್ಲ, ಅದು ಡಾಕ್ಟರಮ್ಮನಿಗೂ ಗೊತ್ತಿತ್ತು. ಅವರು ನನ್ನ ಮುಖ ನೋಡಿದರು. ಮೆದುಳಿಗೆ ಪೆಟ್ಟಾಗಿಯೇ ಬಿಟ್ಟಿತೆಂದುಕೊಂಡೆ.

ಮಗ ಎಲ್ಲಿದ್ದಾನೆ ಎಂದು ಡಾಕ್ಟರಮ್ಮ ಮೆಲ್ಲಗೆ ಕೇಳಿದರು. ‘ಇಲ್ಲೇ ಎಲ್ಲೋ ಅಳ್ತಾ ಕೂತಿರ್ತಾನೆ. ಮಾತ್ರೆ ತೆಗ್ದಿದ್ದು ಅವ್ನ ಜೇಬಿಂದ್ಲೇ. ನರ್ಸ್ ಕೊಟ್ಟಿದ್ದಲ್ಲ ಅಂತ ಆಗ್ಲೇ ಗೊತ್ತಾಯ್ತು ನಂಗೆ. ಅವ್ನು ಕೊಟ್ಟಿದ್ದಲ್ವಾ ಅಂತ ನುಂಗ್ದೆ’ ಎಂದು ತೊದಲುತ್ತ ಹೇಳಿದರು. ಅಷ್ಟರಲ್ಲಿ ಈ ಠಾಣೆಯಿಂದ ನನಗೆ ಫೋನ್ ಬಂತು.

ಅತ್ತೆ ತೀರಿಕೊಂಡಾಗ ಮೈದುನನಿಗೆ ಐದು ವರ್ಷ. ಅಂದಿನಿಂದ ಅವನಿಗೆ ಉಣಿಸಿದ್ದು, ಬೈದದ್ದು, ಜ್ವರ ಬಂದಾಗ ಪಕ್ಕದಲ್ಲಿ ಮಲಗಿದ್ದು ನಾವಿಬ್ಬರು. ಮಕ್ಕಳ ಬಗ್ಗೆ ಹೇಳಿದ ಉತ್ತರ ಸರಿಯೋ ತಪ್ಪೋ ಎಂದು ಡಾಕ್ಟರಮ್ಮ ನನ್ನನ್ನು ಕೇಳಿದರು. ಸರಿ ಎಂದೆ.

ಅವನ ಮೇಲೆ ನಮ್ಮ ದೂರೇನೂ ಇಲ್ಲ, ನನ್ನ ಜೊತೆ ಕಳಿಸಿಕೊಡಬೇಕು. ಈ ಹೇಳಿಕೆಯಲ್ಲಿ ನಾನು ಮೈದುನ ಎಂದು ಬರೆಸಿರುವ ಕಡೆಯಲ್ಲೆಲ್ಲ ಮಗ ಎಂದು ತಿದ್ದಿಕೊಳ್ಳಬೇಕು.

ಇದಿಷ್ಟನ್ನೂ ನನಗೆ ಓದಿ ಹೇಳಿದ್ದಾರೆ. ನಾನು ಹೇಳಿದಂತೆಯೇ ಇದೆ, ನಡೆದಂತೆಯೇ ಇದೆ ಎಂದು ಒಪ್ಪಿ ಸಹಿ ಮಾಡಿರುತ್ತೇನೆ.

ಸ್ಥಳ: ಮಾರುಕಟ್ಟೆ ಪೊಲೀಸ್ ಠಾಣೆ
ದಿನಾಂಕ: ೧೪, ಮಂಗಳವಾರ, ಸಂಜೆ
ಸಹಿ: ತಕ್ಕಡಿ ಅಂಗಡಿ ಅತ್ತಿಗೆ